ಕಿಟಕಿ ಗಾಜೋ, ಆಮದು ಗಾಜೋ? ಭಟ್ಟಿ ಕೊಳ್ಳುವ ಮೊದಲು ಆರಿಸಬೇಕಾದದ್ದು

ಪ್ರತಿ ವರ್ಷ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಾನೊಂದು ಟೇಬಲ್ ಹಾಕುತ್ತೇನೆ. ಗಾಜಿನ ತಟ್ಟೆ, ದೀಪದ ಬಟ್ಟಲು, ಒಂದಷ್ಟು ಪೆಂಡೆಂಟ್. ಬರುವವರಲ್ಲಿ ಅರ್ಧ ಜನ ಬೆಲೆ ಕೇಳಿ ಮುಂದೆ ಹೋಗುತ್ತಾರೆ. ಉಳಿದವರು ತಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಮನೆಯಲ್ಲೇ ಮಾಡಬಹುದಾ?" ಅನ್ನುತ್ತಾರೆ. ಕಳೆದ ಸಲ ಒಬ್ಬ ಗೆಳತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಫೋನ್ ತೆಗೆದು ಒಂದು ಭಟ್ಟಿಯ ಫೋಟೋ ತೋರಿಸಿ, "ಇದನ್ನ ಆರ್ಡರ್ ಮಾಡ್ಲಾ?" ಅಂದಳು.

"ಯಾವ ಗಾಜು ಹಾಕ್ತೀಯ?" ಅಂತ ಕೇಳಿದೆ.

"ಗಾಜು ಗಾಜೇ ಅಲ್ವಾ?"

ಅವಳಿಗೆ ಅಲ್ಲೇ ನಿಂತು ಹತ್ತು ನಿಮಿಷದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತಿದ್ದೇನೆ. ಭಟ್ಟಿ ಯಾವುದು ಅನ್ನುವುದು ಎರಡನೆಯ ಪ್ರಶ್ನೆ. ಮೊದಲು ಗಾಜನ್ನು ಆರಿಸಿ. ಎಷ್ಟು ಬಿಸಿ ಬೇಕು, ಎಷ್ಟು ಹೊತ್ತು ಆರಬೇಕು, ಎಷ್ಟು ಬಣ್ಣ ಸಿಗುತ್ತದೆ, ತಿಂಗಳಿಗೆ ಎಷ್ಟು ದುಡ್ಡು ಹೋಗುತ್ತದೆ, ಇದೆಲ್ಲ ಗಾಜಿನ ಮೇಲೆ ನಿಂತಿದೆ.

ಗೊತ್ತಿಲ್ಲದವರಿಗೆ ಎರಡೇ ಮಾತು. ಇದು ಕೊಳವೆಯಲ್ಲಿ ಊದುವ ಗಾಜಿನ ಕೆಲಸವಲ್ಲ. ತಣ್ಣಗಿನ ಗಾಜನ್ನು ಕತ್ತರಿಸಿ, ರಂಗೋಲಿ ಇಟ್ಟ ಹಾಗೆ ಜೋಡಿಸಿ, ಭಟ್ಟಿಯೊಳಗೆ ಇಟ್ಟು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರೆ ತುಂಡುಗಳು ಬೆಸೆದು ಒಂದೇ ಹಾಳೆಯಾಗುತ್ತವೆ. ಇದು ಫ್ಯೂಸಿಂಗ್. ಆ ಹಾಳೆಯನ್ನು ಮಣ್ಣಿನ ಅಚ್ಚಿನ ಮೇಲಿಟ್ಟು ಇನ್ನೊಮ್ಮೆ, ಈ ಸಲ ಕಡಿಮೆ ಬಿಸಿಗೆ ಹಾಕಿದರೆ ಬಗ್ಗಿ ಬಟ್ಟಲಾಗುತ್ತದೆ. ಇದು ಸ್ಲಂಪಿಂಗ್.

ಬಳೆ ಚೂರು ಕಲಿಸಿದ ಪಾಠ

ಧಾರವಾಡದಲ್ಲಿ ನಮ್ಮಜ್ಜಿ ಒಡೆದ ಬಳೆ ಎಸೆಯುತ್ತಿರಲಿಲ್ಲ. ಚೂರುಗಳನ್ನು ಚಿಮಣಿ ದೀಪದ ಉರಿಗೆ ಹಿಡಿದು, ಮೆತ್ತಗಾದ ಕೂಡಲೇ ಬಗ್ಗಿಸಿ, ಒಂದರೊಳಗೆ ಒಂದು ಕೊಂಡಿ ಹಾಕಿ ಸರ ಮಾಡುತ್ತಿದ್ದಳು. ಬಾಗಿಲಿಗೆ ಕಟ್ಟಿದರೆ ಗಾಳಿಗೆ ಕಿಣಿ ಕಿಣಿ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಇತ್ತು ಅಂದುಕೊಳ್ಳುತ್ತೇನೆ.

ಆ ನೆನಪಲ್ಲಿ, ಕೆಲಸ ಕಲಿತ ಮೊದಲ ವರ್ಷವೇ ಕಿಟಕಿ ಗಾಜಿನ ಮೇಲೆ ಹಸಿರು ಬಳೆ ಚೂರು ಇಟ್ಟು ಒಂದು ತಟ್ಟೆ ಮಾಡಿದೆ. ಬೆಳಿಗ್ಗೆ ಭಟ್ಟಿ ತೆಗೆದಾಗ ಎಷ್ಟು ಚೆನ್ನಾಗಿತ್ತು ಅಂದರೆ, ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ. ಮೂರನೆಯ ದಿನ ಚಹಾ ಕುಡಿಯುತ್ತ ಕೂತಿದ್ದಾಗ ಶೆಲ್ಫಿನಿಂದ "ಟಿಕ್" ಅಂತು. ಯಾರೂ ಮುಟ್ಟಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಪ್ರತಿ ಬಳೆ ಚೂರಿನ ಸುತ್ತ ಬಿದಿಗೆ ಚಂದ್ರನ ಹಾಗೆ ಒಂದು ತೆಳ್ಳನೆಯ ಬಿರುಕು.

ಅಜ್ಜಿಯ ಸರದಲ್ಲಿ ಯಾವ ಚೂರೂ ಇನ್ನೊಂದಕ್ಕೆ ಬೆಸೆದುಕೊಂಡಿರಲಿಲ್ಲ, ಬರೀ ಕೊಂಡಿ ಹಾಕಿಕೊಂಡಿದ್ದವು. ನನ್ನ ತಟ್ಟೆಯಲ್ಲಿ ಎರಡು ಬೇರೆ ಬೇರೆ ಗಾಜು ಬೆಸೆದುಕೊಂಡಿದ್ದವು. ಆರುವಾಗ ಒಂದು ಜಾಸ್ತಿ ಕುಗ್ಗಿತು, ಇನ್ನೊಂದು ಕಡಿಮೆ.

ಈ ಹಿಗ್ಗು-ಕುಗ್ಗಿನ ಲೆಕ್ಕಕ್ಕೆ ಸಿಓಇ ಅನ್ನುತ್ತಾರೆ. ಅಂಗಡಿಗಳಲ್ಲಿ 90, 96 ಅಂತ ಬರೆದಿರುವುದು ಅದೇ. 90 ಅಂದರೆ ಒಂದು ಮೀಟರ್ ಉದ್ದದ ಗಾಜು ಒಂದು ಡಿಗ್ರಿ ಬಿಸಿಗೆ 9 ಮೈಕ್ರಾನ್ ಹಿಗ್ಗುತ್ತದೆ. 96 ಆದರೆ 9.6 ಮೈಕ್ರಾನ್. ಕೇಳಲು ಏನೂ ಅಲ್ಲ. ಆದರೆ 30 ಸೆಂ.ಮೀ. ತಟ್ಟೆ 500 ಡಿಗ್ರಿಯಿಂದ ಕೋಣೆಯ ಬಿಸಿಗೆ ಇಳಿಯುವಾಗ ಮೊದಲನೆಯದು ಸುಮಾರು 1.27 ಮಿ.ಮೀ. ಕುಗ್ಗುತ್ತದೆ, ಎರಡನೆಯದು 1.35 ಮಿ.ಮೀ. ನಡುವಿನ ವ್ಯತ್ಯಾಸ ನೋಟ್‌ಬುಕ್ ಹಾಳೆಯ ದಪ್ಪದಷ್ಟು. ಬೆಸೆದ ಗಾಜಿಗೆ ಅಷ್ಟು ಸಾಕು, ಸೀಳಿಬಿಡುತ್ತದೆ. ಕೆಲವೊಮ್ಮೆ ಭಟ್ಟಿಯಲ್ಲೇ, ಕೆಲವೊಮ್ಮೆ ಮಾರಿದ ಮೇಲೆ ಗಿರಾಕಿಯ ಮನೆಯಲ್ಲಿ. ಎರಡನೆಯದು ಜಾಸ್ತಿ ಬೇಜಾರು.

ಸಂಖ್ಯೆ ಒಂದೇ ಆದರೂ ಪೂರ್ತಿ ನಂಬುವಂತಿಲ್ಲ. ಕರಗಿದ ಗಾಜು ಆರುವಾಗ ಎಷ್ಟು ಬೇಗ ಬಿಗಿಯಾಗುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಅನುಮಾನ ಬಂದಾಗ ನಾನು ಪರೀಕ್ಷೆ ಮಾಡುತ್ತೇನೆ. ಪಾರದರ್ಶಕ ಗಾಜಿನ ಪಟ್ಟಿಯ ಮೇಲೆ ಅನುಮಾನದ ಗಾಜಿನ ಚಿಕ್ಕ ತುಂಡು ಬೆಸೆಯಿರಿ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪಟ್ಟಿಯನ್ನು ಅದರ ಮುಂದೆ ಹಿಡಿಯಿರಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಿಡಿದು, ಪರದೆ ಕಪ್ಪಾಗುವ ತನಕ ತಿರುಗಿಸಿ ನೋಡಿ. ತುಂಡಿನ ಸುತ್ತ ಬೆಳಕಿನ ಬಳೆ ಕಂಡರೆ ಒಳಗೆ ಎಳೆದಾಟ ಇದೆ ಅಂತ ಅರ್ಥ. ಕಪ್ಪಾಗೇ ಇದ್ದರೆ ಹೊಂದಿಕೊಂಡಿದೆ. ಪರದೆಯ ಪ್ಲಾಸ್ಟಿಕ್ ಮೇಲೆ ಗಾಜು ತಾಗದಂತೆ ನೋಡಿಕೊಳ್ಳಿ, ನನ್ನ ಮಗನ ಲ್ಯಾಪ್‌ಟಾಪಿನ ಗೀರು ಇನ್ನೂ ಹಾಗೇ ಇದೆ.

ಕಿಟಕಿ ಗಾಜು

ನನ್ನ ಮತ ಮೊದಲೇ ಹೇಳಿಬಿಡುತ್ತೇನೆ. ನನ್ನ ಹಾಗೆ ಪುಣೆಯಲ್ಲಿ ಕೂತು ಶುರು ಮಾಡುವವರಿಗೆ ಮೊದಲ ಆರು ತಿಂಗಳು ಕಿಟಕಿ ಗಾಜೇ ಸಾಕು. ಫೋಟೋ ಫ್ರೇಮ್, ಕಿಟಕಿ ಮಾಡುವ ಯಾವುದೇ ಅಂಗಡಿಗೆ ಹೋಗಿ "ಭಾವು, ಕಟ್‌ಪೀಸ್ ಆಹೇ ಕಾ?" ಅಂದರೆ ಮೂಲೆಯಲ್ಲಿ ಒರಗಿಸಿಟ್ಟ ತುಂಡುಗಳನ್ನು ತೋರಿಸುತ್ತಾರೆ. ನಾನು ನಿಗಡಿಯ ಒಬ್ಬರ ಹತ್ತಿರ ತಗೊಳ್ಳುತ್ತೇನೆ. ಎಷ್ಟೋ ಸಲ ದುಡ್ಡೇ ತಗೊಳ್ಳುವುದಿಲ್ಲ, ಬದಲಿಗೆ ದೀಪಾವಳಿಗೆ ಒಂದು ಬಟ್ಟಲು ಕೊಡುತ್ತೇನೆ.

ಕೇಳಬೇಕಾದ ಮಾತು ಎರಡು. ಟಫನ್ ಗಾಜು, ಅಂದರೆ ಬಿಸಿ ಮಾಡಿ ಗಟ್ಟಿಗೊಳಿಸಿದ್ದು ಬೇಡ, ಅದು ಕತ್ತರಿಸಲು ಹೋದರೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ. ಮತ್ತೆ, ಒಂದು ತಟ್ಟೆಗೆ ಬೇಕಾದ ಅಷ್ಟೂ ತುಂಡು ಒಂದೇ ಹಾಳೆಯಿಂದ ಬಂದಿರಬೇಕು. ಕಿಟಕಿ ಗಾಜಿನ ಸಿಓಇ 80 ಮತ್ತು 90ರ ಮಧ್ಯದಲ್ಲಿ ಎಲ್ಲೋ ಇರುತ್ತದೆ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಹಾಳೆಯ ಮೇಲೆ ಯಾರೂ ಬರೆದಿರುವುದಿಲ್ಲ. ಒಂದೇ ಹಾಳೆಯಾದರೆ ಸಂಖ್ಯೆ ಎಷ್ಟಾದರೇನು, ತನಗೆ ತಾನು ಹೊಂದಿಯೇ ಹೊಂದುತ್ತದೆ.

ದಪ್ಪ 3 ಮಿ.ಮೀ. ಕೇಳಿ. ಕರಗಿದ ಗಾಜು 6 ಮಿ.ಮೀ. ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಹನಿಯಾಗಿ ಗುಂಡಗಾಗುತ್ತದಲ್ಲ, ಅದೇ ಕಾರಣ. ಒಂದೇ ಪದರ ಇಟ್ಟು ಪೂರ್ತಿ ಕರಗಿಸಿದರೆ ಅಂಚು ಒಳಗೆ ಎಳೆದುಕೊಂಡು ಉಬ್ಬುತ್ತದೆ, ನಡುವೆ ತೆಳ್ಳಗಾಗುತ್ತದೆ. ಮೂರು ಪದರ ಇಟ್ಟರೆ ಹರಡುತ್ತದೆ. ಎರಡು ಪದರ ಇಟ್ಟರೆ ನೀವು ಕತ್ತರಿಸಿದ ಆಕಾರ ಹಾಗೇ ನಿಲ್ಲುತ್ತದೆ.

ಇನ್ನು ತೊಂದರೆಗಳು. ಕಿಟಕಿ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಈ ವಿಧಾನವನ್ನು 1959ರಲ್ಲಿ ಜಗತ್ತಿಗೆ ಹೇಳಿತು, ಈಗ ಎಲ್ಲ ಕಡೆ ಇದೇ. ಹಾಗಾಗಿ ಹಾಳೆಯ ಒಂದು ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತವರ ಇರುತ್ತದೆ. ಬಟ್ಟಲಾಗಿ ಬಗ್ಗಿಸುವಾಗ ಆ ಮೈ ಒಳಗಡೆ ಬಂದು ಒತ್ತಿಕೊಂಡರೆ ಮಂಜು ಮುಸುಕಿದ ಹಾಗೆ ಆಗುತ್ತದೆ. ಶಾರ್ಟ್‌ವೇವ್ ಯುವಿ ದೀಪ ಹಿಡಿದರೆ ತವರದ ಮೈ ಹಾಲಿನ ಹಾಗೆ ಹೊಳೆಯುತ್ತದೆ. ಆ ಬೆಳಕನ್ನು ನೇರ ನೋಡಬೇಡಿ. ನಾನು ತವರದ ಮೈಯನ್ನು ಯಾವಾಗಲೂ ಕೆಳಗೆ ಮಾಡಿ ಇಡುತ್ತೇನೆ, ಮೇಲೆ ಮಾರ್ಕರ್‌ನಿಂದ ಒಂದು ಚುಕ್ಕಿ. ಜೋಡಿಸುವ ಮೊದಲು ಚುಕ್ಕಿ ಒರೆಸಬೇಕು, ಮರೆತರೆ ಅಚ್ಚು ಉಳಿಯಬಹುದು.

ಇನ್ನೊಂದು ಕಾಟ, ಕೆನೆ ಕಟ್ಟುವುದು. ಡಿವಿಟ್ ಅನ್ನುತ್ತಾರೆ. 700ರಿಂದ 760 ಡಿಗ್ರಿ ಸುತ್ತ ಜಾಸ್ತಿ ಹೊತ್ತು ಕೂತರೆ ಮೇಲ್ಮೈಯಲ್ಲಿ ಸಣ್ಣ ಹರಳು ಹುಟ್ಟಿ, ಹೊಳಪು ಹೋಗಿ, ಆರಿದ ಹಾಲಿನ ಕೆನೆಯ ಹಾಗೆ ಸುಕ್ಕಾಗುತ್ತದೆ. ಕಿಟಕಿ ಗಾಜಿಗೆ ಈ ಚಾಳಿ ಜಾಸ್ತಿ. ಬೆರಳಚ್ಚು, ಧೂಳು ಇದ್ದರೆ ಅಲ್ಲಿಂದಲೇ ಶುರು. ಸ್ಪಿರಿಟ್‌ನಿಂದ ಒರೆಸಿ, ಆ ಬಿಸಿಯನ್ನು ಬೇಗ ದಾಟಿಸಿದರೆ ಅರ್ಧ ಸಮಸ್ಯೆ ಕಡಿಮೆ.

ಬಣ್ಣ? ಇಲ್ಲ. ಅಂಚಿನಲ್ಲಿ ಕಬ್ಬಿಣದ ಅಂಶದ ತೆಳು ಹಸಿರು, ಅಷ್ಟೇ. ಇದೇ ಇದರ ದೊಡ್ಡ ಕೊರತೆ. ಆದರೆ ಬಣ್ಣ ಇಲ್ಲದ್ದರಿಂದಲೇ ಕೈ ಬೇರೆ ದಾರಿ ಹುಡುಕುತ್ತದೆ. ಎರಡು ಪದರದ ನಡುವೆ ತಾಮ್ರದ ತೆಳು ಹಾಳೆ ಕತ್ತರಿಸಿ ಇಟ್ಟರೆ ಕೆಂಪು ಛಾಯೆ ಬರುತ್ತದೆ, ಗಾಳಿ ತಾಗಿದ ಕಡೆ ಕಪ್ಪಾಗುತ್ತದೆ. ಗಾಜಿಗೆಂದೇ ಮಾಡಿದ ಎನಾಮೆಲ್ ಪುಡಿ ಉದುರಿಸಬಹುದು. ನನ್ನ ಇಷ್ಟದ್ದು ಒಣಗಿದ ಅರಳಿ ಎಲೆ. ಪುಸ್ತಕದೊಳಗೆ ಒತ್ತಿ ಒಣಗಿಸಿದ ಎಲೆಯನ್ನು ಎರಡು ಗಾಜಿನ ನಡುವೆ ಇಟ್ಟು ಭಟ್ಟಿಗೆ ಹಾಕಿದರೆ ಎಲೆ ಉರಿದುಹೋಗುತ್ತದೆ, ಬೂದಿಯ ಬಿಳಿ ಅಚ್ಚು ಉಳಿಯುತ್ತದೆ. ನರ, ತೊಟ್ಟು, ಆ ಉದ್ದನೆಯ ಬಾಲ ಕೂಡ. ಹೊಗೆ ಹೊರಗೆ ಹೋಗಲು ಒಂದು ಅಂಚು ಎಲೆಯ ದಪ್ಪದಷ್ಟು ತೆರೆದಿರಬೇಕು, ಏರಿಸುವುದು ನಿಧಾನವಾಗಿರಬೇಕು. ಇಲ್ಲದಿದ್ದರೆ ಎಲೆಯ ಜಾಗದಲ್ಲಿ ಪೂರಿಯ ಹಾಗೆ ಒಂದು ಗುಳ್ಳೆ ಏಳುತ್ತದೆ.

ಆಮದು ಗಾಜು: 90 ಮತ್ತು 96

ಬಣ್ಣವೇ ಬೇಕು ಅಂದರೆ ಇಲ್ಲಿಗೆ ಬರಬೇಕು. 90ರಲ್ಲಿ ಎಲ್ಲರೂ ಹೇಳುವ ಹೆಸರು ಅಮೆರಿಕದ ಪೋರ್ಟ್‌ಲ್ಯಾಂಡಿನ ಬುಲ್ಸ್‌ಐ, 1974ರಲ್ಲಿ ಶುರುವಾದದ್ದು. 96ರಲ್ಲಿ ಮೊದಲು ಸ್ಪೆಕ್ಟ್ರಮ್ ಇತ್ತು. ಅದು 2016ರಲ್ಲಿ ಕಾರ್ಖಾನೆ ಮುಚ್ಚಿತು, ಅದರ ಗಾಜನ್ನು ಈಗ ಓಷನ್‌ಸೈಡ್ ಮಾಡುತ್ತದೆ. ಎರಡರಲ್ಲೂ ಹಾಳೆ, ಪುಡಿ, ರವೆಯಂಥ ಫ್ರಿಟ್, ಶಾವಿಗೆಯಂಥ ಸ್ಟ್ರಿಂಗರ್ ಎಲ್ಲ ಸಿಗುತ್ತವೆ. ಎಲ್ಲ ಬಣ್ಣಗಳೂ ಒಂದಕ್ಕೊಂದು ಹೊಂದುತ್ತವೆ ಅಂತ ಕಂಪನಿಯೇ ಪರೀಕ್ಷೆ ಮಾಡಿ ಕೊಡುತ್ತದೆ. ನೀವು ದುಡ್ಡು ಕೊಡುವುದು ಬಣ್ಣಕ್ಕಿಂತ ಜಾಸ್ತಿ ಆ ಪರೀಕ್ಷೆಗೆ.

ಎರಡರಲ್ಲಿ ಯಾವುದು? ಇದರ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಹೊಸಬರಿಗೆ ದೊಡ್ಡ ವ್ಯತ್ಯಾಸ ಇಲ್ಲ. 96 ಸ್ವಲ್ಪ ಬೇಗ ಮೆತ್ತಗಾಗುತ್ತದೆ. 90ರಲ್ಲಿ ಬಣ್ಣಗಳು ಒಂದರ ಜೊತೆ ಒಂದು ಆಡುವ ಆಟ ಚೆನ್ನ: ಗಂಧಕ ಇರುವ ಕೆನೆಬಣ್ಣದ ಗಾಜಿನ ಪಕ್ಕ ತಾಮ್ರ ಇರುವ ಟರ್ಕಾಯ್ಸ್ ನೀಲಿ ಇಟ್ಟರೆ ಸೇರುವ ಕಡೆ ಕಂದು-ಕಪ್ಪು ಗೆರೆ ತಾನಾಗಿ ಮೂಡುತ್ತದೆ. ಬೇಕಂತ ಮಾಡಿದರೆ ಕಸೂತಿ ಅಂಚಿನ ಹಾಗೆ, ಗೊತ್ತಿಲ್ಲದೆ ಆದರೆ ಕೊಳೆ. ನಾನು 90 ಹಿಡಿದದ್ದಕ್ಕೆ ಕಾರಣ ಮಾತ್ರ ಸರಳ. ನಾನು ಕಲಿತ ಸ್ಟುಡಿಯೋದಲ್ಲಿ 90 ಇತ್ತು, ಉಳಿದ ಚೂರು ಅದಲು ಬದಲು ಮಾಡಿಕೊಳ್ಳಲು ಜನ ಇದ್ದರು. ನಿಮ್ಮ ಸುತ್ತ ಯಾವುದಿದೆಯೋ ಅದನ್ನೇ ಹಿಡಿಯಿರಿ, ಆಮೇಲೆ ಬದಲಾಯಿಸಬೇಡಿ.

ಒಂದು ಮನೆಯಲ್ಲಿ ಎರಡನ್ನೂ ಇಟ್ಟುಕೊಳ್ಳಲೇಬೇಡಿ. ನೋಡಲು ಒಂದೇ ಥರ, ಕೈಗೂ ಒಂದೇ ಥರ. ಒಮ್ಮೆ ಒಬ್ಬ ಮಾರಾಟಗಾರ ಸ್ಟಿಕ್ಕರೇ ಇಲ್ಲದ ತುಂಡುಗಳ ಪ್ಯಾಕೆಟ್ ಕಳಿಸಿದ. ಫೋನ್ ಮಾಡಿದರೆ "ಎಲ್ಲಾ ಒಂದೇ ಮೇಡಂ" ಅಂದ. ಆ ಪ್ಯಾಕೆಟ್ ಇನ್ನೂ ಅಟ್ಟದ ಮೇಲಿದೆ. ನನ್ನ 90ರ ಚೂರುಗಳೆಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ, ಕಿಟಕಿ ಗಾಜಿನ ಚೂರು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗಬೇಕು.

ಒಂದು ಎಚ್ಚರಿಕೆ. ಕೆಲವು ಕೆಂಪು, ಗುಲಾಬಿ ಗಾಜುಗಳು ಕೊಳ್ಳುವಾಗ ಬಣ್ಣವೇ ಇಲ್ಲದ ಹಾಗೆ ಪೇಲವವಾಗಿರುತ್ತವೆ, ಬಿಸಿ ತಾಗಿದ ಮೇಲೆ ಬಣ್ಣ ಏಳುತ್ತದೆ. ಮೋಸ ಹೋದೆ ಅಂತ ವಾಪಸ್ ಕಳಿಸಬೇಡಿ.

ಬೆಲೆಯಲ್ಲಿ ಹೋಲಿಕೆಯೇ ಇಲ್ಲ. ಹಡಗು, ಸುಂಕ, ದಾರಿಯಲ್ಲಿ ಒಡೆದದ್ದು ಎಲ್ಲ ಸೇರಿ ಒಂದು ಅಂಗೈ ಅಗಲದ ತುಂಡು ಕತ್ತರಿಸುವಾಗಲೂ ಕೈ ನಡುಗುತ್ತದೆ. ನಡುಗುವ ಕೈ ಗಾಜು ಕತ್ತರಿಸಲು ಕಲಿಯುವುದಿಲ್ಲ. ಅದಕ್ಕೇ ಮೊದಲು ಕಿಟಕಿ ಗಾಜು ಅಂದದ್ದು.

ಬಾಟಲಿಯ ವಿಷಯ ಬೇಗ ಮುಗಿಸುತ್ತೇನೆ. ಒಂದು ಬಾಟಲಿಯನ್ನು ಇಡಿಯಾಗಿ ಮಲಗಿಸಿ ಚಪ್ಪಟೆ ಮಾಡಿದರೆ ಚೆಂದದ ಟ್ರೇ. ಎರಡು ಬಾಟಲಿ ಬೆರೆಸಿದರೆ ಬಳೆಯದ್ದೇ ಕಥೆ. ಪ್ರಯೋಗಾಲಯದ ಬೋರೋಸಿಲಿಕೇಟ್‌ನ ಸಿಓಇ 33, ಈ ಭಟ್ಟಿಗಳಲ್ಲಿ ಅದು ನಮ್ಮ ಕೆಲಸಕ್ಕಲ್ಲ.

ಈಗ ಭಟ್ಟಿ

ಪುಣೆಯವರಿಗೆ ಇಲ್ಲೊಂದು ಅದೃಷ್ಟ ಇದೆ. ಗಾಜು ಈ ಕಡೆಗೆ ಹೊಸದಲ್ಲ. ಲೋಕಲ್ ಟ್ರೇನಿನಲ್ಲಿ ನಮ್ಮಿಂದ ಸ್ವಲ್ಪ ಮುಂದಿರುವ ತಳೇಗಾಂವ್‌ನಲ್ಲಿ ಜನರಿಂದ ಪೈಸೆ ಪೈಸೆ ಕೂಡಿಸಿ 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರು ಮಾಡಿದ್ದರು. ಅದು ಸ್ವದೇಶಿ ಚಳವಳಿಯ ಕಾಲ, ತಿಲಕರ ಬೆಂಬಲವೂ ಇತ್ತು. ಈಗ ಭೋಸರಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯಲ್ಲಿ ಲೋಹದ ಕೆಲಸಕ್ಕೆ ಎಲೆಕ್ಟ್ರಿಕ್ ಭಟ್ಟಿ ಮಾಡುವ ಚಿಕ್ಕ ಚಿಕ್ಕ ಶೆಡ್ಡುಗಳಿವೆ.

ಅಂಥ ಒಂದು ಶೆಡ್ಡಿಗೆ ನಾನು ಮರಾಠಿಯಲ್ಲಿ ತಡವರಿಸುತ್ತ ಹೋದರೆ, ಮಾಲೀಕರು ವಿಜಯಪುರದವರು. "ಅಕ್ಕಾರ, ಗಾಜಿಗೆ ಸಾವ್ರ ಡಿಗ್ರಿ ಯಾಕ್ ಬೇಕ್ರಿ? ಏರ್ಸೂದು ಯಾರ್ ಬೇಕಾದ್ರೂ ಏರಸ್ತಾರ. ಇಳಿಸೂದು ನೋಡ್ರಿ ಮೊದ್ಲ" ಅಂದರು. ಒಂದೇ ಮಾತಲ್ಲಿ ಭಟ್ಟಿ ಆರಿಸುವ ಸೂತ್ರ ಹೇಳಿಬಿಟ್ಟರು. ಲೋಹಕ್ಕೆ ಮಾಡಿದ ಭಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ಬಿಸಿ ಸೆಟ್ ಮಾಡುವ ಕಂಟ್ರೋಲರ್ ಇರುತ್ತದೆ. ಅದು ಸಾಲದು. ಗಂಟೆಗೆ ಎಷ್ಟು ಡಿಗ್ರಿ ಏರಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಗಂಟೆಗೆ ಎಷ್ಟು ಇಳಿಯಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳಲು ಬರುವ ರ‍್ಯಾಂಪ್-ಸೋಕ್ ಕಂಟ್ರೋಲರ್ ಬೇಕು. ಎಂಟು ಹೆಜ್ಜೆಯಾದರೂ ಇರಲಿ.

ಎರಡನೆಯ ಪ್ರಶ್ನೆ, ಕಾಯಿಲ್, ಅಂದರೆ ಬಿಸಿಯಾಗುವ ತಂತಿ ಎಲ್ಲಿದೆ? ಗಾಜಿನ ಭಟ್ಟಿಯಲ್ಲಿ ಮುಚ್ಚಳದಲ್ಲಿರುತ್ತದೆ, ಇಡೀ ತಟ್ಟೆಗೆ ಒಂದೇ ಸಮ ಬಿಸಿ. ಕುಂಬಾರಿಕೆಯ ಮತ್ತು ಲೋಹದ ಭಟ್ಟಿಗಳಲ್ಲಿ ಗೋಡೆಯಲ್ಲಿರುತ್ತದೆ, ಅಂಚು ಮೊದಲು ಕಾಯುತ್ತದೆ, ನಡು ತಣ್ಣಗಿರುತ್ತದೆ. ಗಾಜು ಅಷ್ಟಕ್ಕೇ ಸಿಡಿಯಬಹುದು. ಇದ್ದರೆ ಬಳಸಿ, ಆದರೆ ವೇಗ ಅರ್ಧಕ್ಕೆ ಇಳಿಸಿ, ತಟ್ಟೆಯನ್ನು ಗೋಡೆಯಿಂದ ದೂರ ಇಡಿ. ಪರಿಚಯದ ಕುಂಬಾರಿಕೆ ಸ್ಟುಡಿಯೋ ಇದ್ದರೆ ಬಾಡಿಗೆಗೆ ಕೇಳಿ ನೋಡಿ. ಅವರ ಶೆಲ್ಫಿಗೆ ಕಿಲ್ನ್ ವಾಶ್ (ಗಾಜು ಅಂಟದಂತೆ ಹಚ್ಚುವ ಲೇಪ) ಬಳಿಯುವುದು ಮರೆತು ಗಾಜು ಅಂಟಿಸಿದರೆ ಮಾತ್ರ ಸ್ನೇಹ ಅಲ್ಲಿಗೇ ಮುಗಿಯಿತು.

ಮೈಕ್ರೋವೇವ್ ಒಳಗಿಡುವ ಪುಟ್ಟ ಭಟ್ಟಿಯೂ ಇದೆ. ಐದಾರು ನಿಮಿಷದಲ್ಲಿ ಪೆಂಡೆಂಟ್ ಆಗುತ್ತದೆ, ನೋಡಲು ಮಜಾ. ಆರುವುದು ನಿಮ್ಮ ಕೈಯಲ್ಲಿಲ್ಲ, ಹಾಗಾಗಿ ಎರಡು ಬೆರಳಿಗಿಂತ ದೊಡ್ಡದು ಮಾಡಬೇಡಿ. ಅಡುಗೆಯ ಮೈಕ್ರೋವೇವ್ ಅದಕ್ಕೆ ಬಳಸುವುದಂತೂ ಬೇಡವೇ ಬೇಡ.

ನನ್ನದು 15 ಆಂಪಿಯರ್ ಪ್ಲಗ್ಗಿನ ಮೇಲ್ಮುಚ್ಚಳದ ಭಟ್ಟಿ. ಬಾಲ್ಕನಿಯ ಪಕ್ಕದ ಕೋಣೆಯಲ್ಲಿದೆ. ಅದಕ್ಕೇ ಬೇರೆ ಲೈನು, ಬೇರೆ ಎಂಸಿಬಿ. ವೈರನ್ನು ತಾಪ್ಕೀರ್ ಗಲ್ಲಿಯಿಂದ ತಂದದ್ದು. ಒಂದು ಸಲ ಹಾಕಿದರೆ ಸುಮಾರು 10 ಯುನಿಟ್ ಹೋಗುತ್ತದೆ.

ಇಳಿಸುವ ಲೆಕ್ಕ

ಗಾಜು ಬದಲಾದರೆ ಈ ಲೆಕ್ಕ ಬದಲಾಗುತ್ತದೆ, ಅದಕ್ಕೇ ಇಷ್ಟು ಹೊತ್ತು ಗಾಜಿನ ಮಾತಾಡಿದ್ದು. ಅಂಗೈ ಎರಡರಷ್ಟು ಅಗಲದ, ಎರಡು ಪದರದ ತಟ್ಟೆಗೆ ನಾನು ಹೀಗೆ ಮಾಡುತ್ತೇನೆ. ಕಿಟಕಿ ಗಾಜಾದರೆ ಗಂಟೆಗೆ 150 ಡಿಗ್ರಿಯಂತೆ ಏರಿಸಿ, 680ರಲ್ಲಿ ಅರ್ಧ ಗಂಟೆ ನಿಲ್ಲಿಸುತ್ತೇನೆ. ನಡುವಿನ ಗಾಳಿ ಹೊರಗೆ ಹೋಗಲಿ ಅಂತ. ಅಲ್ಲಿಂದ ಬೇಗ 830ಕ್ಕೆ, ಹತ್ತು ನಿಮಿಷ. ಆಮೇಲೆ ಬೇಗ ಇಳಿಸಿ 545ರ ಸುತ್ತ ಒಂದು ಗಂಟೆ, ಒಳಗಿನ ಎಳೆದಾಟ ಹೋಗಲಿ ಅಂತ. 90ರ ಗಾಜಾದರೆ ಮೇಲಿನ ಬಿಸಿ 805 ಸಾಕು, ಇಳಿದು ನಿಲ್ಲುವುದು 482ರಲ್ಲಿ. 96 ಆದರೆ 510. ನಿಂತ ಮೇಲೆ ಗಂಟೆಗೆ 60 ಡಿಗ್ರಿಯಂತೆ 370ರ ತನಕ ಇಳಿಸಿ, ಸ್ವಿಚ್ ಆರಿಸಿ, ಮಲಗಿ. ಪ್ರತಿ ಭಟ್ಟಿಯ ಥರ್ಮಾಮೀಟರ್ ಸ್ವಲ್ಪ ಸುಳ್ಳು ಹೇಳುತ್ತದೆ, ಮೊದಲ ನಾಲ್ಕೈದು ಸಲ ಚಿಕ್ಕ ತುಂಡು ಹಾಕಿ ನಿಮ್ಮದರ ಸುಳ್ಳು ಎಷ್ಟು ಅಂತ ಬರೆದಿಟ್ಟುಕೊಳ್ಳಿ.

ನಮ್ಮ ಏರಿಯಾದಲ್ಲಿ ಗುರುವಾರ ರಿಪೇರಿಗೆಂದು ಕರೆಂಟ್ ತೆಗೆಯುವುದುಂಟು. ಹಾಗಾಗಿ ಬುಧವಾರ ರಾತ್ರಿ ನಾನು ಭಟ್ಟಿ ಹಾಕುವುದಿಲ್ಲ. ಏರುವಾಗ ಕರೆಂಟ್ ಹೋದರೆ ಜಾಸ್ತಿ ನಷ್ಟವಿಲ್ಲ, ಪೂರ್ತಿ ಆರಲು ಬಿಟ್ಟು ಮತ್ತೆ ಹಾಕಬಹುದು. ಇಳಿಯುವಾಗ ಹೋದರೆ ಮುಚ್ಚಳ ಮುಟ್ಟಬೇಡಿ. ಚಿಕ್ಕ ತಟ್ಟೆಯಾದರೆ ಭಟ್ಟಿಯ ಇಟ್ಟಿಗೆಯ ಬಿಸಿಯೇ ನಿಧಾನ ಇಳಿಸಿ ಕಾಪಾಡಬಹುದು. ಕುತೂಹಲಕ್ಕೆ ಒಂದು ಬೆರಳು ತೆರೆದು ನೋಡಿದವರ ಗಾಜು ಉಳಿದದ್ದು ನಾನು ಕಂಡಿಲ್ಲ.

ಗಾಜಿನ ಪುಡಿ, ಕಿಲ್ನ್ ವಾಶ್, ಗಾಜಿನ ಕೆಳಗೆ ಹಾಸುವ ಫೈಬರ್ ಪೇಪರ್ ಮುಟ್ಟುವಾಗ ಎನ್95 ಮಾಸ್ಕ್ ಹಾಕಿ. ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಆ ಗೆಳತಿ ಕೊನೆಗೆ ಭಟ್ಟಿ ಆರ್ಡರ್ ಮಾಡಲಿಲ್ಲ. ಅವಳಿಗೆ ಬಣ್ಣದ ಹುಚ್ಚು, ಒಂದಲ್ಲ ಒಂದು ದಿನ 90ರ ಹಾಳೆ ತರಿಸಿಯೇ ತರಿಸುತ್ತಾಳೆ. ಸದ್ಯಕ್ಕೆ ಒಂದು ಗಾಜು ಕತ್ತರಿಸುವ ಕಟರ್ ಕೊಂಡಿದ್ದಾಳೆ, ನಿಗಡಿಯ ಅಂಗಡಿಯಿಂದ ಒಂದು ಚೀಲ ಕಟ್‌ಪೀಸ್ ತಂದಿದ್ದಾಳೆ. ನನ್ನ ಭಟ್ಟಿಯಲ್ಲಿ ಅರ್ಧ ಶೆಲ್ಫ್ ಅವಳಿಗೆ ಬಿಟ್ಟಿದ್ದೇನೆ. ಶನಿವಾರ ಬರುತ್ತಾಳಂತೆ. ಅವಳ ಅತ್ತೆಯ ಪೆಟ್ಟಿಗೆಯಲ್ಲಿ ಹಳೆಯ ಬಳೆ ಚೂರು ಒಂದು ಡಬ್ಬಿ ತುಂಬ ಇದೆಯಂತೆ, ತರಲಾ ಅಂತ ಕೇಳಿದಳು. ತಾ, ಆದರೆ ಭಟ್ಟಿಗಲ್ಲ, ಬರುವಾಗ ಒಂದು ಮೇಣದ ಬತ್ತಿಯನ್ನೂ ತಾ ಅಂದಿದ್ದೇನೆ.